ಕಳಸದಿಂದ ಬಂತು

ಅವರು ತೀರಿಕೊಂಡ ಸುದ್ದಿ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದದ್ದು ಬೆಳಿಗ್ಗೆ ಹತ್ತೂವರೆಗೆ, ಎಲ್ಲರೂ ಕಾಫಿ ಕುಡಿಯುವ ಹೊತ್ತಿನಲ್ಲಿ. ಹದಿನಾರು ಜನ ಕೈಮುಗಿದರು. ಅಂದರೆ ಕೈಮುಗಿದ ಚಿತ್ರ ಹಾಕಿದರು. ನಮ್ಮ ಬಾಸ್ ‘ತುಂಬಲಾರದ ನಷ್ಟ’ ಎಂದು ಬರೆದು, ಅದರ ಕೆಳಗೇ ಮಧ್ಯಾಹ್ನದ ಮೀಟಿಂಗು ಮೂರೂವರೆಗೆ ಎಂದೂ ಬರೆದರು. ತುಂಬಲಾರದ ನಷ್ಟವಂತೆ! ಮೂರು ವರ್ಷದ ಹಿಂದೆ ಅವರು ಕೆಲಸ ಬಿಟ್ಟಾಗ ಆ ನಷ್ಟವನ್ನು ಒಂದೇ ವಾರದಲ್ಲಿ ತುಂಬಿಕೊಂಡವರು ನಾವು. ಅವರ ಕುರ್ಚಿಯಲ್ಲಿ ಕೂತವಳು ನಾನೇ. ನಾನೂ ಕೈಮುಗಿದ ಚಿತ್ರ ಹಾಕಿದೆ. ಹಾಕದೇ ಇದ್ದರೆ ಯಾರಾದರೂ ಗಮನಿಸಿಯಾರು ಎಂಬ ಹೆದರಿಕೆಯಿಂದ ಹಾಕಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದು ಅಂತೇನಿಲ್ಲ. ಹೋದ ತಿಂಗಳು ಒಂದು ಸಲ ಆ ಹೆಸರನ್ನು ಕೈಯಾರೆ ಬರೆದೆ, ಇನ್ನೊಂದು ಸಲ ಬರೆಯುವ ಧೈರ್ಯ ನನಗಿಲ್ಲ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಚಿಕ್ಕಮಗಳೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ‘ಕೆಳಗೆ ಹಾರ್ಡ್‌ವೇರು, ಮೇಲೆ ಸಾಫ್ಟ್‌ವೇರು’ ಎಂದು ಹೊಸದಾಗಿ ಸೇರಿದವರಿಗೆಲ್ಲ ಅವರು ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿ, ತಾವೇ ಮೊದಲು ನಗುತ್ತಿದ್ದರು. ನನಗೂ ಹೇಳಿದ್ದರು. ನಾನು ಮೂಡಿಗೆರೆಯವಳು, ಬಿ.ಸಿ.ಎ. ಮುಗಿಸಿ ಆಗಷ್ಟೇ ಸೇರಿದ್ದೆ. ಅವರಿಗೆ ಆಗಲೇ ಐವತ್ತು ದಾಟಿತ್ತು. ಹನ್ನೆರಡು ವರ್ಷ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದವರು, ಅಂದರೆ ಆಳುಗಳ ಹಾಜರಿ, ಮಳೆ, ಗೊಬ್ಬರ ಎಲ್ಲವನ್ನೂ ಬರೆದಿಡುವ ಗುಮಾಸ್ತರು. ಎಸ್ಟೇಟಿಗೆ ಮೊದಲ ಕಂಪ್ಯೂಟರು ಬಂದಾಗ ಉಳಿದವರು ಅದಕ್ಕೆ ಬಟ್ಟೆ ಹೊದಿಸಿ ಕುಂಕುಮ ಹಚ್ಚಿದರೆ ಇವರು ಹಿಂದಿನ ಮುಚ್ಚಳ ಬಿಚ್ಚಿ ನೋಡಿದರಂತೆ. ಅವರ ವಿದ್ಯಾಭ್ಯಾಸ ಶುರುವಾದದ್ದು ಅಲ್ಲಿಂದ.

ನಮ್ಮದು ಕಾಫಿ ಎಸ್ಟೇಟುಗಳಿಗೆ ಬೇಕಾದ ಸಾಫ್ಟ್‌ವೇರು. ಇವತ್ತು ಮಳೆ ಎಷ್ಟು ಬಿತ್ತು, ಯಾವ ಬ್ಲಾಕಿಗೆ ಸ್ಪ್ರಿಂಕ್ಲರ್ ಇಟ್ಟರು, ಯಾವಾಗ ಔಷಧಿ ಹೊಡೆದರು ಎಂಬುದನ್ನೆಲ್ಲ ರೈಟರು ಎಸ್ಟೇಟಿನ ಕಂಪ್ಯೂಟರಿಗೆ ಹಾಕುತ್ತಾರೆ. ಮಾಲೀಕರು ಎಲ್ಲಿದ್ದರೂ ಫೋನಿನಲ್ಲಿ ಅದನ್ನು ನೋಡುತ್ತಾರೆ. ಕೇಳಲಿಕ್ಕೆ ಸುಲಭ. ಆದರೆ ಒಂದು ಎಸ್ಟೇಟಿನಲ್ಲಿ ಹೊಸ ವಿಂಡೋಸು, ಇನ್ನೊಂದರಲ್ಲಿ ಅಜ್ಜನ ಕಾಲದ ವಿಂಡೋಸು, ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಲಿನಕ್ಸು, ರೈಟರ ಕೈಯಲ್ಲಿ ಆಂಡ್ರಾಯ್ಡು, ಮಾಲೀಕರ ಕೈಯಲ್ಲಿ ಐಫೋನು. ನಾವು ಒಂದು ಗೆರೆ ಬದಲಾಯಿಸಿದರೂ ಈ ಐದಕ್ಕೂ ಬೇರೆ ಬೇರೆಯಾಗಿ ಕಟ್ಟಿ, ಐದನ್ನೂ ಓಡಿಸಿ ನೋಡಿ, ಗುಡ್ಡಗುಡ್ಡಕ್ಕೆ ತಲುಪಿಸಬೇಕು. ಆ ಕೆಲಸ ಅವರದು.

‘ಒಂದೇ ಪ್ರೋಗ್ರಾಮಿಗೆ ಐದು ಸಲ ಎಂತ ಒದ್ದಾಟ ಸರ್’ ಎಂದು ನಾನು ಮೊದಲ ತಿಂಗಳು ಕೇಳಿದ್ದೆ.

‘ಮದುವೆಗೆ ಕರಿಯೋಕೆ ಹೋಗ್ತಾರಲ್ಲ, ಎಲ್ಲಾ ಮನೇಲೂ ಒಂದೇ ಥರ ಕರೀತಾರಾ?’ ಅಂದರು. ‘ಸೋದರಮಾವನ ಮನೆಗೆ ಹೋದ್ರೆ ಕೂತು ಕಾಫಿ ಕುಡ್ದು ಕರೀಬೇಕು. ಪಕ್ಕದ ಮನೆಗೆ ಬೇಲಿ ಹತ್ರ ನಿಂತು ಹೇಳಿದ್ರೂ ನಡೀತದೆ. ಕಾಗದ ಒಂದೇ ಮಾರಾಯ್ತಿ, ಮರ್ಯಾದೆ ಬೇರೆ ಬೇರೆ.’

ಅವರ ಮೇಜಿನ ಕೆಳಗೆ ಎಸ್ಟೇಟುಗಳು ಗುಜರಿಗೆ ಹಾಕಲು ಹೊರಟಿದ್ದ ನಾಲ್ಕೈದು ಮುದಿ ಕಂಪ್ಯೂಟರುಗಳಿದ್ದವು. ಒಂದೊಂದರ ಮೇಲೂ ಊರಿನ ಚೀಟಿ: ಕೊಟ್ಟಿಗೆಹಾರ, ಮೂಡಿಗೆರೆ, ಕಳಸ. ಆಯಾ ಊರಿನ ಎಸ್ಟೇಟಿನಲ್ಲಿ ಈಗಲೂ ಓಡುತ್ತಿರುವ ಯಂತ್ರದ ಜೊತೆಯವು ಅವು. ನಾವು ಹುಡುಗರು ಆ ಜಾಗಕ್ಕೆ ವೃದ್ಧಾಶ್ರಮ ಎಂದು ಹೆಸರಿಟ್ಟಿದ್ದೆವು. ನಾವು ಬರೆದ ಯಾವುದನ್ನೇ ಆಗಲಿ ಮೊದಲು ಅವುಗಳಲ್ಲಿ ಓಡಿಸಬೇಕು. ಒಂದೊಂದೂ ಏಳುವುದಕ್ಕೆ ಹನ್ನೆರಡು ನಿಮಿಷ. ಅಷ್ಟರಲ್ಲಿ ಅವರು ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹಾಕಿ, ಮಡಿಚಿ ಬಾಯಿಗಿಟ್ಟು ಕೂರುತ್ತಿದ್ದರು. ನಾನು ಮೂರು ತಿಂಗಳು ಕೂತು ಮಾಡಿದ ಮೊದಲ ಫೋನ್ ಆ್ಯಪನ್ನು ತೋರಿಸಿದ ದಿನ ಪೂರ್ತಿ ನೋಡಿ, ‘ಆಯ್ತು, ಇನ್ನು ಹಳೇ ಫೋನಲ್ಲಿ ನೋಡು’ ಅಂದರು, ಅಷ್ಟೆ. ಚೆನ್ನಾಗಿದೆ ಎಂಬ ಒಂದು ಮಾತು ಆ ಬಾಯಲ್ಲಿ ಬರಲಿಲ್ಲ. ಮನೆಗೆ ಹೋಗಿ ಅತ್ತಿದ್ದೆ.

ಐಫೋನಿನ ಕಥೆ ಬೇರೆ. ಆಫೀಸಿನಲ್ಲಿ ಐಫೋನು ಇದ್ದದ್ದು ಬಾಸ್ ಒಬ್ಬರ ಹತ್ತಿರ. ಪ್ರತಿ ಸಲವೂ ಇವರು ಅವರ ಕೋಣೆಯ ಬಾಗಿಲಲ್ಲಿ ನಿಂತು, ‘ಸರ್, ಒಂದು ಹತ್ತು ನಿಮಿಷ ಕೊಡ್ತೀರಾ’ ಎಂದು ಕೇಳಬೇಕು. ಬಾಸ್ ಮುಖ ಸಿಂಡರಿಸಿಕೊಂಡು ಕೊಟ್ಟು, ಹತ್ತು ನಿಮಿಷವೂ ಬೆನ್ನ ಹಿಂದೆ ನಿಂತಿರುತ್ತಿದ್ದರು. ಬೆರಳು ಮುಟ್ಟಿದರೆ ಸವೆದುಹೋಗುತ್ತದೆ ಅಂದುಕೊಂಡಿದ್ದರೋ ಏನೋ. ಇವರು ಮೊದಲು ಎಲೆಅಡಿಕೆಯ ಕೈಯನ್ನು ತೊಳೆದು, ಪಂಚೆಗೆ ಒರೆಸಿದ ಹಾಗೆ ಪ್ಯಾಂಟಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು. ಈ ಆಫೀಸಿನಲ್ಲೇ ಹದಿನಾಲ್ಕು ವರ್ಷ ದುಡಿದ ಮನುಷ್ಯ ಹಾಗೆ ನಿಂತು ಕೇಳುವುದನ್ನು ನೋಡಿ ನನಗೆ ಆಗ ನಗು ಬರುತ್ತಿತ್ತು. ಈಗ ಕಂಪನಿಯ ಐಫೋನು ನನ್ನ ಡ್ರಾಯರಿನಲ್ಲೇ ಇದೆ.

‘ಬಿಡುವುದು’ ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ಹೊಸ ವರ್ಷನ್ ಬಿಟ್ಟೆವು, ನಾಳೆ ರಿಲೀಸ್ ಬಿಡುತ್ತೇವೆ ಎಂದು ನಾವೆಲ್ಲ ಹೇಳುವ ಮಾತು.

‘ಏ, ಬಿಡೋದು ಅಂದ್ರೆ ಎಂತ? ಕೋಳಿ ಬಿಡೋದಾ? ಇಳ್ಸೋದು ಅನ್ನು. ತಲೆ ಮೇಲೆ ಹೊರೆ ಹೊತ್ಕೊಂಡು ಬಂದೋರು ಬಿಟ್ಬಿಡ್ತಾರಾ? ಇಳಿಸ್ತಾರೆ. ಇಳ್ಸುವಾಗ ಆ ಕಡೆಯಿಂದ ಒಬ್ರು ಕೈ ಕೊಡ್ಬೇಕು. ಕೈ ಕೊಟ್ರಾ ಇಲ್ವಾ ನೋಡ್ದೆ ಬಿಟ್ರೆ ಅವರ ಕಾಲ ಮೇಲೇ ಬೀಳ್ತದೆ.’

ಆ ಕಡೆಯವರು ಕೈ ಕೊಟ್ಟರು ಅನ್ನುವುದಕ್ಕೆ ಗುರುತು ‘ಬಂತು’ ಎಂಬ ಮಾತು. ಎಸ್ಟೇಟಿಗೆ ಹೊಸ ವರ್ಷನ್ ಇಳಿಸಿದ ಮೇಲೆ ಅಲ್ಲಿನ ರೈಟರಿಗೆ ಫೋನು ಮಾಡುತ್ತಿದ್ದರು. ಹೆಬ್ಬೆರಳಿನ ಚಿತ್ರ ಕಳಿಸಿದರೆ ನಡೆಯದು, ‘ಓಕೆ’ ಅಂದರೆ ನಡೆಯದು. ‘ನಿನ್ನೆ ಮಳೆ ಎಷ್ಟು ತೋರಿಸ್ತದೆ, ಓದಿ ಹೇಳಿ’ ಎಂದು ಕೇಳುವರು. ರೈಟರು ಓದಿ ಹೇಳಬೇಕು. ಇವರ ಹತ್ತಿರ ಇದ್ದ ಅಂಕಿಗೆ ಅದು ತಾಳೆಯಾಗಬೇಕು. ಆಮೇಲೆ, ‘ಹಾಗಾದ್ರೆ ಬಂತು ಅನ್ನಿ’ ಎಂದು ಆ ಮಾತನ್ನು ಅವರ ಬಾಯಿಂದಲೇ ಹೇಳಿಸಿ, ನೀಲಿ ರಟ್ಟಿನ ಒಂದು ಉದ್ದ ಪುಸ್ತಕದಲ್ಲಿ ಊರಿನ ಎದುರಿಗೆ ಬರೆಯುತ್ತಿದ್ದರು: ಬಂತು.

ಒಮ್ಮೆ ಕೊಟ್ಟಿಗೆಹಾರದ ಕಡೆಯ ರೈಟರೊಬ್ಬರು ಮಳೆಯ ಅಂಕಿಯನ್ನು ಪಟಪಟನೆ ಸರಿಯಾಗಿ ಹೇಳಿ, ಬಂತು ಎಂದೂ ಅಂದರು. ಇವರಿಗೆ ಅನುಮಾನ. ‘ಅಲ್ಲ ಮಾರಾಯ್ರೆ, ಕರೆಂಟು ಉಂಟಾ ಅಲ್ಲಿ?’ ಅಂದರೆ, ‘ಇಲ್ಲ, ಮೂರು ದಿನ ಆಯ್ತು’ ಅಂತ ಆ ಕಡೆಯಿಂದ ಉತ್ತರ. ಪಾಪ, ಇಷ್ಟು ಕೇಳುತ್ತಿದ್ದಾರಲ್ಲ, ಬೇಜಾರು ಮಾಡುವುದು ಯಾಕೆ ಎಂದು ತಮ್ಮ ಮಳೆ ಪುಸ್ತಕ ನೋಡಿ ಓದಿಬಿಟ್ಟಿದ್ದರು. ಅಂದಿನಿಂದ ಇವರ ಪ್ರಶ್ನೆ ಉದ್ದವಾಯಿತು: ‘ಬರ್ದದ್ದು ಬೇಡ, ಕಾಣೋದು ಓದಿ.’

ಪುಸ್ತಕದಲ್ಲಿ ಅವರದು ಚಿಕ್ಕ, ಒತ್ತಿದ ಅಕ್ಷರ. ಬಂತು ಬರೆದರೆ ಸೊನ್ನೆಯನ್ನು ಸುತ್ತುತ್ತಲೂ ಇರಲಿಲ್ಲ, ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗುವರು. ನನ್ನದು ದುಂಡನೆಯ ಅಕ್ಷರ, ಶಾಲೆಯಲ್ಲಿ ಬಹುಮಾನ ಬಂದದ್ದು. ಒಮ್ಮೆ ನಾನು ಬೋರ್ಡಿನ ಮೇಲೆ ಏನೋ ಬರೆಯುವಾಗ ಹಿಂದೆ ನಿಂತು ನೋಡಿ, ‘ಎಂತದು ಮಾರಾಯ್ತಿ ಇದು, ಸೊನ್ನೆಯಾ ಕೋಡುಬಳೆಯಾ? ಕಚ್ಚಿ ತಿನ್ನೋ ಹಾಗಿದೆ’ ಅಂದರು. ಅಲ್ಲಿಂದ ನನ್ನ ಸೊನ್ನೆಗೆ ಕೋಡುಬಳೆ ಎಂದೇ ಹೆಸರಾಯಿತು.

ಇನ್ನೊಂದು ನಿಯಮ: ‘ಫೋನು ಕೊನೇಗೆ.’ ಎಲ್ಲ ಎಸ್ಟೇಟಿನ ಕಂಪ್ಯೂಟರುಗಳಿಂದ ಬಂತು ಎಂದು ಬಂದ ಮೇಲಷ್ಟೇ ಫೋನುಗಳಿಗೆ ಹೊಸದನ್ನು ಕಳಿಸಬೇಕು. ಕಂಪ್ಯೂಟರಿಗೆ ಒಂದೊಂದಾಗಿ ಇಳಿಸಬಹುದು, ತಪ್ಪಾದರೆ ಒಂದನ್ನು ಸರಿ ಮಾಡಿದರಾಯಿತು. ಫೋನಿಗೆ ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಒಟ್ಟಿಗೆ ಹೋಗುತ್ತದೆ, ವಾಪಸು ಕರೆಯುವುದಕ್ಕೆ ಬರುವುದಿಲ್ಲ. ಪುಸ್ತಕದ ಪುಟ ತುಂಬದೆ ಆ ಗುಂಡಿ ಒತ್ತುವಂತಿಲ್ಲ ಎಂಬುದನ್ನು ಬಾಸ್ ಕೂಡ ಒಪ್ಪಿದ್ದರು. ಗಿರಾಕಿಗಳ ಮುಂದೆ ಅದನ್ನು ತಮ್ಮದೇ ಉಪಾಯ ಎಂಬಂತೆ ಹೇಳಿಕೊಳ್ಳುತ್ತಲೂ ಇದ್ದರು.

ಇನ್ನು ಆ ಮಾರ್ಚ್ ತಿಂಗಳ ವಿಷಯ. ಮೂರು ವರ್ಷದ ಹಿಂದಿನದು.

ನಮ್ಮ ಕಡೆ ಎಸ್ಟೇಟುಗಳಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ದಾರಿಯಲ್ಲಿ ಸಿಕ್ಕವರು ‘ನಿಮ್ಮಲ್ಲಿ ಎಷ್ಟು?’ ಅಂದರೆ ‘ಎಂಬತ್ತು’ ಅನ್ನುತ್ತಾರೆ, ಎಂಬತ್ತು ಎಂತದು ಎಂದು ಯಾರೂ ಕೇಳುವುದಿಲ್ಲ. ಆ ವರ್ಷ ಬಾಸ್ ಹೊರಗಿನ ದೊಡ್ಡ ಗಿರಾಕಿಯೊಬ್ಬರನ್ನು ಹಿಡಿದುಕೊಂಡು ಬಂದರು. ಅವರಿಗೆ ಮಿಲಿಮೀಟರೇ ಆಗಬೇಕು. ಆಗಲಿ ಎಂದು ಫೋನುಗಳಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ತೋರಿಸುವ ಹಾಗೆ ನಾನು ಬದಲಾಯಿಸಿದೆ. ಎಸ್ಟೇಟಿನ ಕಂಪ್ಯೂಟರಿಗೂ ಹೊಸ ವರ್ಷನ್ ಮಾಡಿದೆವು. ರೈಟರು ಎಂದಿನಂತೆ ಸೆಂಟಿನಲ್ಲೇ ಹಾಕಲಿ, ಅದು ಮಿಲಿಮೀಟರಿಗೆ ಪರಿವರ್ತಿಸಿ ಫೋನಿಗೆ ಕಳಿಸುತ್ತದೆ. ಹಳೇ ವರ್ಷನ್ ಇದ್ದ ಕಡೆ ಮಾತ್ರ ಬರೀ ಅಂಕಿ ಹೋಗುತ್ತದೆ. ಆದ್ದರಿಂದ ಎಲ್ಲ ಕಂಪ್ಯೂಟರಿಗೂ ಹೊಸದು ಇಳಿಯುವ ತನಕ ಫೋನು ಮುಟ್ಟುವಂತಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ, ಬರೆದವಳೇ ನಾನು.

ಒಂದೊಂದೇ ಊರು ಬಂತು, ಬಂತು ಎಂದು ತುಂಬುತ್ತಾ ಹೋಯಿತು. ಉಳಿದದ್ದು ಕಳಸದ ಒಂದು ಎಸ್ಟೇಟು. ವೃದ್ಧಾಶ್ರಮದಲ್ಲಿದ್ದ ಕಳಸದ ಯಂತ್ರ ಆ ಚಳಿಗಾಲದಲ್ಲಿ ಸತ್ತಿತ್ತು, ಇಲ್ಲಿ ಓಡಿಸಿ ನೋಡುವ ದಾರಿಯಿರಲಿಲ್ಲ. ಅಲ್ಲಿ ಕರೆಂಟು ಹೋಗಿ ಫೋನೂ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಮಂಗಳೂರಿನಲ್ಲಿ ದಿನ ಕೊಟ್ಟರು. ಶನಿವಾರ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡೇ ಆಫೀಸಿಗೆ ಬಂದು ನನಗೆ ಹೇಳಿದರು.

‘ಬುಧವಾರ ಬರ್ತೀನಿ. ಬಂದವ್ನೇ ಕಳಸಕ್ಕೆ ನಾನೇ ಹೋಗ್ತೀನಿ. ಅಲ್ಲಿವರೆಗೆ ಫೋನು ಮುಟ್ಬೇಡ, ಆಯ್ತಾ?’

‘ಆಯ್ತು ಸರ್.’

‘ಆಪರೇಷನ್ ಅಂದ್ರೆ ಇವಳಿಗೆ ಭಾರಿ ಹೆದ್ರಿಕೆ. ಕೈ ಹಿಡ್ಕೊಂಡೇ ಕೂರ್ಬೇಕಂತೆ’ ಎಂದು ನಕ್ಕು ಹೋದರು.

ಮಧ್ಯಾಹ್ನ ಬಾಸ್ ಬಂದರು. ಸೋಮವಾರ ಹೊಸ ಗಿರಾಕಿಗೆ ತೋರಿಸಬೇಕು, ಎಲ್ಲ ಆಯಿತಾ ಅಂದರು. ಕಳಸ ಬಾಕಿ ಇದೆ ಅಂದೆ. ‘ಒಂದು ಕಳಸಕ್ಕೋಸ್ಕರ ಊರೆಲ್ಲ ಕಾಯ್ಬೇಕಾ? ಅವ್ರದ್ದು ಇದೇ ಕಥೆ. ನೀನೇ ಒಂದ್ಸಲ ಫೋನ್ ಮಾಡಿ ನೋಡು, ಬಂತು ಅಂದ್ರೆ ಒತ್ತು. ಇನ್ನು ಮುಂದೆ ಇದೆಲ್ಲ ನೀನೇ ನೋಡ್ಕೊಳ್ಬೇಕಾದೋಳು’ ಎಂದು ಕಾರಿನ ಕೀಲಿ ತಿರುಗಿಸುತ್ತಾ ಇಳಿದು ಹೋದರು.

ಫೋನು ಮಾಡಿದೆ. ಹೋಗಲಿಲ್ಲ. ಇನ್ನೊಮ್ಮೆ ಮಾಡಿದೆ. ಹೋಗಲಿಲ್ಲ. ನೀಲಿ ರಟ್ಟಿನ ಪುಸ್ತಕ ತೆಗೆದು, ಕಳಸದ ಎದುರಿಗೆ ಬರೆದೆ: ಬಂತು. ಗುಂಡಿ ಒತ್ತಿದೆ. ನಾಲ್ಕು ಗಂಟೆಯ ಬಸ್ಸಿಗೆ ಮೂಡಿಗೆರೆಗೆ ಹೋದೆ.

ಬಾಸಿಗೆ ಹೆದರಿ ಮಾಡಿದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಬರಬಹುದು. ಸುಳ್ಳು. ಹೆದರಿಕೆಯೇನೂ ಇರಲಿಲ್ಲ. ಆ ಹನ್ನೆರಡು ನಿಮಿಷಗಳು, ಆ ಎಲೆಅಡಿಕೆ, ಆ ‘ಇನ್ನು ಹಳೇದ್ರಲ್ಲಿ ನೋಡು’ ಎಂಬ ಮಾತು, ಎಲ್ಲ ಸೇರಿ ನನಗೆ ರೇಜಿಗೆ ಹತ್ತಿತ್ತು. ಅವರಿಲ್ಲದೆಯೂ ನಡೆಯುತ್ತದೆ ಎಂದು ತೋರಿಸುವ ಚಪಲ ಇತ್ತು. ‘ನೀನೇ ನೋಡ್ಕೊಳ್ಬೇಕಾದೋಳು’ ಎಂಬ ಮಾತು ಕಿವಿಗೆ ಹಿತವಾಗಿಯೂ ಇತ್ತು.

ಭಾನುವಾರ ಮಧ್ಯಾಹ್ನ ಕಳಸದ ಕಡೆ ಆ ವರ್ಷದ ಮೊದಲ ಮಳೆ ಬಿತ್ತು. ಕಾಫಿಗೆ ಅದು ಹೂವಿನ ಮಳೆ. ಒಂದು ಇಂಚಾದರೂ ಬಿದ್ದರೆ ಮೊಗ್ಗು ಚೆನ್ನಾಗಿ ಅರಳುತ್ತದೆ. ಕಡಿಮೆ ಬಿದ್ದರೆ ಮೊಗ್ಗಿಗೆ ಎಚ್ಚರವಾಗುತ್ತದೆ, ಅರಳುವಷ್ಟು ನೀರು ಸಾಲುವುದಿಲ್ಲ. ಕೂಡಲೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಿಸಬೇಕು. ಇಲ್ಲವಾದರೆ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಗಿಡದಲ್ಲೇ ಒಣಗುತ್ತದೆ. ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು.

ಕಳಸದ ರೈಟರು ಮಳೆ ಅಳೆದರು. ಇಪ್ಪತ್ತೈದು ಸೆಂಟು, ಅಂದರೆ ಕಾಲು ಇಂಚು. ಕರೆಂಟು ಬಂದಿತ್ತು, ತಮ್ಮ ಹಳೇ ಕಂಪ್ಯೂಟರಿನಲ್ಲಿ ೨೫ ಎಂದು ಹಾಕಿದರು. ಅದು ಬರೀ ಅಂಕಿಯಾಗಿ ಹೋಯಿತು. ಮಾಲೀಕರು ನೆಂಟರ ಮದುವೆಗೆಂದು ಹಾಸನದಲ್ಲಿದ್ದರು. ಅವರ ಹೊಸ ಫೋನಿನಲ್ಲಿ ೨೫ ಮಿಲಿಮೀಟರ್ ಎಂದು ಬಂತು. ಇಪ್ಪತ್ತೈದು ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಅವರಿಗೆ ಸಂತೋಷವಾಯಿತು. ಸಂತೋಷದಲ್ಲೂ ಎಚ್ಚರ ತಪ್ಪಲಿಲ್ಲ, ಹೇಗೋ ಲೈನು ಸಿಕ್ಕಿ ರೈಟರನ್ನು ಕೇಳಿದರು.

‘ಇಪ್ಪತ್ತೈದು ತಾನೇ? ಸರಿಯಾಗಿ ನೋಡಿದ್ಯಾ?’

‘ಹೌದು ಸರ್, ಇಪ್ಪತ್ತೈದು.’

‘ಹಾಗಾದ್ರೆ ಸ್ಪ್ರಿಂಕ್ಲರ್ ಬೇಡ. ಪಂಪೂ ಪೈಪೂ ಕೆಳಗಿನ ತೋಟಕ್ಕೆ ಸಾಗ್ಸು.’

ಕಾಲು ಇಂಚಿಗೆ ಸ್ಪ್ರಿಂಕ್ಲರ್ ಬೇಡವೇ ಎಂದು ರೈಟರಿಗೆ ಅನ್ನಿಸಿತಂತೆ. ಸಾವ್ಕಾರ್ರು ಏನೋ ಲೆಕ್ಕ ಹಾಕಿಯೇ ಹೇಳಿರುತ್ತಾರೆ, ಎದುರು ಮಾತಾಡುವುದು ಹೇಗೆ ಎಂದು ಸುಮ್ಮನಾದರಂತೆ. ಇಬ್ಬರೂ ಒಂದೇ ಅಂಕಿ ಹೇಳಿದರು, ಇಬ್ಬರೂ ಒಪ್ಪಿದರು. ಸೋಮವಾರ ಪಂಪು ಹೋಯಿತು. ಬುಧವಾರದ ಹೊತ್ತಿಗೆ ಇಡೀ ಬ್ಲಾಕಿನ ಮೊಗ್ಗು ಬಣ್ಣ ತಿರುಗಿತ್ತು.

ಅವರು ಬುಧವಾರ ಬಂದರು. ತಮ್ಮ ಫೋನಿನಲ್ಲಿ ಮಿಲಿಮೀಟರ್ ಕಂಡಾಗಲೇ ಗೊತ್ತಾಗಿತ್ತೇನೋ. ಬಂದವರೇ ಪುಸ್ತಕ ತೆರೆದು ನೋಡಿದರು, ಮುಚ್ಚಿದರು. ಚೀಲ ಕೆಳಗೆ ಇಡದೆ ಬಸ್ ಸ್ಟ್ಯಾಂಡಿಗೆ ಹೊರಟರು. ‘ಎಲ್ಲಿಗೆ ಸರ್?’ ಅಂದೆ. ‘ಕಳಸಕ್ಕೆ’ ಅಂದರು. ಮರುದಿನ ಬಂದು ಕೂತು ಕೆಲಸ ಮಾಡಿದರು. ನನಗೆ ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ.

ಶುಕ್ರವಾರ ಮಾಲೀಕರು ಒಣಗಿದ ಮೊಗ್ಗಿನ ಒಂದು ರೆಂಬೆ ಮುರಿದುಕೊಂಡು ಬಂದು ಬಾಸಿನ ಮೇಜಿನ ಮೇಲೆ ಹಾಕಿದರು. ನಮ್ಮನ್ನೆಲ್ಲ ಒಳಗೆ ಕರೆದರು. ಬಾಸ್ ಪುಸ್ತಕ ತರಿಸಿ, ಪುಟ ತಿರುವಿ, ಬೆರಳಿಟ್ಟರು. ಕಳಸ, ಬಂತು. ಬಾಸಿನ ಮುಖ ಅರಳಿತು.

‘ನೋಡಿ ಸರ್, ನಮ್ದು ಸಿಸ್ಟಮ್ ಕರೆಕ್ಟಾಗಿದೆ. ನಿಮ್ಮ ರೈಟರೇ ಬಂತು ಅಂತ ಹೇಳಿದಾರೆ. ಹೊಸದು ಬಾರದೇ ಬಂತು ಅಂತ ಸುಳ್ಳು ಹೇಳಿದ್ರೆ ನಾವೆಂತ ಮಾಡ್ಲಿಕ್ಕಾಗ್ತದೆ?’

ಮಾಲೀಕರು, ‘ಹಾಗಾದ್ರೆ ಅವ್ನನ್ನ ಇವತ್ತೇ ಗೇಟಿನ ಹೊರಗೆ ಹಾಕ್ತೀನಿ’ ಅಂದರು. ಆ ರೈಟರು ಇಪ್ಪತ್ತೆರಡು ವರ್ಷದಿಂದ ಎಸ್ಟೇಟಿನವರು ಕೊಟ್ಟ ಲೈನಿನ ಮನೆಯಲ್ಲಿ ಇದ್ದವರು. ಕೆಲಸ ಹೋದರೆ ಮನೆಯೂ ಹೋಗುತ್ತದೆ.

‘ನೀವೇ ಬರ್ದದ್ದಲ್ವಾ ಇದು?’ ಎಂದು ಬಾಸ್, ಶನಿವಾರ ನನಗೆ ಹೇಳಿದ್ದನ್ನು ಮರೆತವರ ಹಾಗೆ, ಪುಸ್ತಕವನ್ನು ಇವರ ಕಡೆ ನೂಕಿದರು.

ಅವರು ಕನ್ನಡಕ ಹಾಕಿಕೊಂಡರು. ಪುಟವನ್ನು ನೋಡಿದರು. ಇಡೀ ಪುಟದಲ್ಲಿ ಸಾಲಾಗಿ ಚುಕ್ಕೆ ಇಟ್ಟ ಬಂತುಗಳು, ನಡುವೆ ಒಂದು ದುಂಡು ಸೊನ್ನೆ. ಹೆಬ್ಬೆರಳಿನಿಂದ ಆ ಗೆರೆಯನ್ನು ಒಮ್ಮೆ ಸವರಿದರು. ಮತ್ತೆ ಅದನ್ನೇ ನೋಡಿದರು. ಒಂದು ನಿಮಿಷವಾದರೂ ಆಗಿರಬೇಕು. ಅಷ್ಟು ಹೊತ್ತಿನಲ್ಲಿ ಒಬ್ಬಳು ಬಾಯಿ ತೆರೆಯಬಹುದಿತ್ತು. ನಾನು ಕಿಟಕಿಯ ಪಕ್ಕ ನಿಂತು ಕೆಳಗೆ ಹಾರ್ಡ್‌ವೇರ್ ಅಂಗಡಿಯವರು ಪೈಪು ಇಳಿಸುವುದನ್ನು ನೋಡುತ್ತಿದ್ದೆ.

‘ರೈಟರು ಹೇಳಿಲ್ಲ ಸರ್’ ಅಂದರು. ‘ಅವರಿಗೆ ಫೋನೇ ಸಿಕ್ಕಿಲ್ಲ. ಪುಸ್ತಕ ನಂದು. ತಪ್ಪು ನಂದು.’

‘ಬರೆದದ್ದು ನಾನು’ ಎಂದು ಅವರು ಹೇಳಲಿಲ್ಲ. ‘ಪುಸ್ತಕ ನಂದು’ ಅಂದರು. ಬಾಸಿಗೆ ಅಷ್ಟು ಸಾಕಾಗಿತ್ತು. ಕೈ ಕೊಡುವುದು ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ನಾನು ಕೊಟ್ಟದ್ದು ಆ ಕೈ.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ನಾಲ್ಕು ಜನ ಮಾತಾಡುತ್ತಾರಲ್ಲ. ವಯಸ್ಸಾಯಿತು, ಸ್ವಂತ ಇಚ್ಛೆಯಿಂದ ನಿವೃತ್ತಿ ಎಂದಾಯಿತು. ಬಾಸ್ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ‘ನಮ್ಮ ಸಂಸ್ಥೆಯ ಬೇರು’ ಎಂದು ಭಾಷಣ ಮಾಡಿದರು. ಶಾಲು ಹೆಗಲಿನಿಂದ ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು ಅವರು ನನ್ನ ಮೇಜಿಗೆ ಬಂದು, ಬೀರುವಿನ ಕೀಲಿ ಇಟ್ಟರು. ‘ಫೋನು ಕೊನೇಗೆ, ಮಾರಾಯ್ತಿ’ ಅಂದರು. ಎಂದಿನ ಹಾಗೇ ಅಂದರು. ಪುಸ್ತಕವನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೋದರು. ಯಾರಿಗೂ ಅದು ಬೇಕಿರಲಿಲ್ಲ.

ಮಾರಾಯ್ತಿ ಅಂದರಲ್ಲ, ಹಾಗಾದರೆ ಅವರಿಗೆ ಗೊತ್ತಾಗಿಲ್ಲ ಎಂದು ನಾನು ಲೆಕ್ಕ ಹಾಕಿಕೊಂಡೆ. ಕಣ್ಣು ಮಂಜಾಗಿರಬೇಕು, ಹೆಂಡತಿಯ ಚಿಂತೆಯಲ್ಲಿ ತಾವೇ ಬರೆದು ಮರೆತೆ ಅಂದುಕೊಂಡಿರಬೇಕು. ಮೂರು ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡೆ.

ವೃದ್ಧಾಶ್ರಮವನ್ನು ಗುಜರಿಗೆ ಹಾಕಿಸಿದವಳು ನಾನು. ಬಂತು ಎಂಬುದನ್ನು ಪ್ರೋಗ್ರಾಮಿನೊಳಗೇ ಸೇರಿಸಿದವಳೂ ನಾನು. ಈಗ ಗುಂಡಿ ಒತ್ತಿದರೆ ಪ್ರತಿ ಯಂತ್ರದಿಂದಲೂ ತಾನಾಗಿ ‘ಬಂತು’ ಎಂಬ ಹಸಿರು ಅಕ್ಷರ ಬರುತ್ತದೆ. ಎರಡು ನಿಮಿಷದಲ್ಲಿ ಪರದೆ ತುಂಬಾ ಹಸಿರು. ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ, ಅದು ಬಂತು ಅನ್ನುತ್ತದೆ. ಬಾಸ್ ಇದನ್ನು ಊರೂರಿಗೆ ಹೋಗಿ ತೋರಿಸುತ್ತಾರೆ.

ಕೆಲಸ ಬಿಟ್ಟ ಮೇಲೆ ಅವರು ಕೊಟ್ಟಿಗೆಹಾರದ ಹತ್ತಿರ ತಮ್ಮ ಊರಿಗೆ ಹೋಗಿ, ಪೇಟೆಯಲ್ಲಿ ಭಾವಮೈದುನನ ಅಂಗಡಿಯ ಮೂಲೆಯಲ್ಲಿ ಜನರ ಫೋನು ರಿಪೇರಿ, ಅರ್ಜಿ ತುಂಬುವ ಕೆಲಸ ಮಾಡಿಕೊಂಡಿದ್ದರು. ಒಮ್ಮೆ ನಾವು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗುವಾಗ ನೀರುದೋಸೆ ತಿನ್ನಲು ಅಲ್ಲಿ ಕಾರು ನಿಲ್ಲಿಸಿದೆವು. ರಸ್ತೆಯ ಆಚೆ ಕಂಡರು. ಒಬ್ಬ ಮುದುಕಿಯ ಕೈಗೆ ಫೋನು ಕೊಟ್ಟು, ಬಗ್ಗಿ ಏನೋ ಕೇಳುತ್ತಿದ್ದರು. ಮಾತು ಕೇಳಿಸಲಿಲ್ಲ. ಆದರೆ ಕುತ್ತಿಗೆ ಆ ಕಡೆ ಹಾಕಿ ಕಾಯುವ ರೀತಿಯಲ್ಲೇ ಗೊತ್ತಾಯಿತು: ಕಾಣೋದು ಓದಿ ಹೇಳಿ ಅನ್ನುತ್ತಿದ್ದಾರೆ. ‘ತಲೆನೋವು, ನೀವು ತಿಂದು ಬನ್ನಿ’ ಎಂದು ನಾನು ಕಾರಿನಲ್ಲೇ ಕೂತೆ. ಗಾಜು ಏರಿಸಿಕೊಂಡೆ. ಅದೇ ಕೊನೆಯ ಸಲ ನೋಡಿದ್ದು.

ಹನ್ನೊಂದನೇ ದಿನದ ಕಾರ್ಯಕ್ಕೆ ಆಫೀಸಿನಿಂದ ಹೋದವಳು ನಾನೊಬ್ಬಳೇ. ಕಳಸದ ರೈಟರು ಅಲ್ಲಿದ್ದರು, ಬಡಿಸುವ ಗಡಿಬಿಡಿಯಲ್ಲಿ, ಮನೆಯವರ ಹಾಗೆ. ನನ್ನ ಗುರುತು ಅವರಿಗಿಲ್ಲ. ತೀರಿಕೊಂಡವರ ಹೆಂಡತಿ ದಪ್ಪ ಕನ್ನಡಕ ಹಾಕಿಕೊಂಡು ಒಳಗೆ ಚಾಪೆಯ ಮೇಲೆ ಕೂತಿದ್ದರು. ಚಿಕ್ಕಮಗಳೂರಿನ ಆಫೀಸಿನವಳು ಎಂದಷ್ಟೇ ಹೇಳಿ ಕೈಮುಗಿದೆ. ಈ ಸಲ ನಿಜವಾದ ಕೈ.

‘ಕೂತ್ಕೊಳ್ಳಿ. ಒಂದು ಉಪ್ಕಾರ ಆಗ್ಬೇಕಿತ್ತು’ ಅಂದರು. ‘ಫೋಟೋಕ್ಕೆ ಕಟ್ಟು ಹಾಕೋನು ಕೆಳಗೆ ಹೆಸ್ರು ಹಾಕ್ಬೇಕು, ತಪ್ಪಿಲ್ಲದಂಗೆ ಬರ್ದು ಕೊಡಿ ಅಂದಿದಾನೆ. ನನ್ನ ಅಕ್ಷರ ಸೊಟ್ಟ. ನೀವೊಂದು ಬರ್ಕೊಡ್ತೀರಾ?’

ಒಂದು ಚೀಟಿ, ಪೆನ್ನು ಕೊಟ್ಟರು. ಬರೆದೆ. ಅವರ ಹೆಸರಿನ ನಡುವೆ ಒಂದು ಸೊನ್ನೆ ಬರುತ್ತದೆ. ಅಲ್ಲಿಗೆ ಬಂದಾಗ ನನ್ನ ಕೈ ನಿಂತಿತು. ಚುಕ್ಕೆ ಇಟ್ಟುಬಿಡೋಣ ಅಂದುಕೊಂಡೆ. ಆಗಲಿಲ್ಲ. ಕೈ ತನ್ನ ಪಾಡಿಗೆ ದುಂಡಗೆ ಸುತ್ತಿಬಿಟ್ಟಿತು.

ಅವರು ಚೀಟಿಯನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದರು. ಅಳು ಆರದ ಆ ಮುಖದಲ್ಲಿ ಸಣ್ಣಗೆ ನಗು ಬಂತು.

‘ಅಯ್ಯೋ, ಕೋಡುಬಳೆ ಹುಡುಗಿ ನೀನೇನೇ!’

ನಾನು ಪೆನ್ನಿನ ಮುಚ್ಚಳ ಹಾಕಿ ಚಾಪೆಯ ಮೇಲಿಟ್ಟೆ.

‘ನನ್ನ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಕೆಲ್ಸ ಬಿಟ್ಟು ಬಂದ ದಿನವೇ ಅದೆಂತದೋ ಆಫೀಸಿನ ಪುಸ್ತಕ ತಂದು ಮುಂದೆ ಹಿಡಿದ್ರು. ಕಾಣ್ತದಾ, ಓದು ನೋಡುವ ಅಂತ. ಕಳಸ, ಬಂತು ಅಂತ ಓದ್ದೆ. ಉಳಿದದ್ದೆಲ್ಲ ಸಣ್ಣ ಅಕ್ಷರ, ಒಂದೂ ಕಾಣ್ಲಿಲ್ಲ. ಸೊನ್ನೆ ಎಂತ ಇಷ್ಟು ದೊಡ್ದು ಅಂದೆ. ಅದು ನಮ್ಮಾಫೀಸಿನ ಹುಡುಗೀದು, ಕೋಡುಬಳೆ ಸೊನ್ನೆ ಅಂತ ನಗಾಡಿದ್ರು.’

‘ಮತ್ತೆ ಎಂತ ಹೇಳಿದ್ರು ಅಮ್ಮ?’

‘ಎಂತ ಇಲ್ಲ. ಪುಸ್ತಕ ಮುಚ್ಚಿ ಒಳಗಿಟ್ರು.’ ಅವರು ಚೀಟಿಯನ್ನು ಇನ್ನೊಮ್ಮೆ ನೋಡಿದರು. ‘ನೀನೇ ಅಲ್ವಾ ಅದು ಬರ್ದದ್ದು?’

‘ಹೌದಮ್ಮ’ ಅಂದೆ. ‘ನಾನೇ ಬರೆದದ್ದು.’

ಮೂರು ವರ್ಷ ತಡವಾಗಿ, ಆ ಮಾತಿನ ಅರ್ಥವೇ ಗೊತ್ತಿಲ್ಲದ ಒಬ್ಬರ ಎದುರು ಒಪ್ಪಿಕೊಂಡೆ.

‘ಚಂದ ಬರೀತೀಯ’ ಎಂದು ಅವರು ಚೀಟಿಯನ್ನು ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡರು.